ಬಾಗಿಲ ಹಗ್ಗ

ಮಾನ್ವಿಯಿಂದ ಏಳೂವರಿಗೆ ಬಿಡೋ ಬಸ್ಸು ನಂದು.
ಕಲ್ಲೂರಿಗೆ ಬರೂತನಾ ಅದು ಬಸ್ಸು.
ಅಲ್ಲಿಂದ ಮುಂದ ಕಾಲೇಜು.

ಬ್ಯಾಗು, ಬುತ್ತಿ ಡಬ್ಬಿ, ಬೆವರು, ಅಗ್ಗದ ಸೆಂಟು,
ಹುಬ್ಬಿನಾಗ ಬ್ಲೇಡಿನ ಗೀರು.
ಒಂದು ಇಯರ್‌ಫೋನು ಇಬ್ಬರ ಕಿವಿಗೆ ಹಂಚಿಕೊಂಡು
ಯಾವುದಕ್ಕೋ ನಗ್ತಾವು.
ನನಗೇ ನಗ್ತಾವೇನೋ ಅಂತ
ಹನ್ನೊಂದು ವರ್ಷ ಅನುಮಾನಪಟ್ಟೀನಿ.

ಮುಂದಿನ ಸೀಟಿನಾಗ ಅಯ್ಯಣ್ಣ ಮಾಸ್ತರು, ರಿಟೈರಾದವರು,
ಬಿ.ಪಿ. ಗುಳಿಗಿಗಂತ ವಾರಕ್ಕೊಮ್ಮಿ ರಾಯಚೂರಿಗೆ.
ಸಾಲಿ ಬಿಟ್ಟರೂ ಪಾಠ ಬಿಟ್ಟಿಲ್ಲ:
‘ಕೆಟ್ಟು ಹೋಗ್ಯಾವು ನೋಡು ಹುಡುಗ್ರು.
ಮೊಬೈಲು ಗಂಡುಹುಡುಗ್ರನ್ನ ಕೆಡಿಸ್ತು,
ಪುಕ್ಕಟ ಬಸ್ಸು ಹುಡುಗ್ಯಾರನ್ನ.’
ನಾನು ಹೌದ್ರೀ ಅಂತಿದ್ದೆ.
ಹೌದ್ರೀ ಅನ್ನಾಕ ಟಿಕೇಟು ಹರಿಯೋದಿಲ್ಲಲ್ಲ.

ಆ ಪುಕ್ಕಟ ಹುಡುಗ್ಯಾರಾಗ ಒಬ್ಬಾಕಿ
ಸೊನ್ನಿ ಟಿಕೇಟಿನ ಬೆನ್ನಿಗೆ ನನ್ನ ಮೀಸಿ ಬರದು
ಸೀಟಿನ ಸಂದ್ಯಾಗ ಸಿಗಿಸಿ ಇಳದಿದ್ಲು.
ಮೀಸಿ ಮಾತ್ರ. ಮಾರಿ ಇಲ್ಲ.
ಆದರೂ ನೋಡಿದ ಕೂಡಲೇ ನಾನಂತ ಗೊತ್ತಾತು.
ಹರದು ಒಗದೆ. ಈಗ ಅನಸ್ತೈತಿ, ಇಟ್ಟಕೋಬೇಕಿತ್ತು.

ಫೆಬ್ರವರಿ ಕಡಿ ವಾರ.
ನಮ್ಮ ಕಡೆ ಬಿಸಲು ಆಗಲೇ ಹಲ್ಲು ತೋರಸ್ತಿರತೈತಿ.
ಬಾಗಿಲ ಚಿಲಕ ಮುರದು ಐದು ತಿಂಗಳು,
ಡಿಪೋ ಪುಸ್ತಕದಾಗ ಮೂರು ಸಲ ಬರದು,
ಕಡೀಗೆ ಹತ್ತಿ ಅಂಡಿಗಿ ಬಿಗಿಯೋ ಹಗ್ಗ ತಂದು ನಾನೇ ಕಟ್ಟಿದ್ದೆ.

ಹುಸೇನಪ್ಪ, ಪಿಯುಸಿ ಎರಡನೇದು, ಕಾಮರ್ಸು,
ಮೆಟ್ಟಲ ಮ್ಯಾಲ ನಿಂತು ಅರ್ಧ ಮೈ ಹೊರಗ ಹಾಕಿದ್ದ.
ಒಳಗ ಬಾರಲೇ ಅಂದೆ. ಬರಲಿಲ್ಲ.
ಎರಡನೇ ಸಲ ಬಾಯಿಂದ ಹೇಳಲಿಲ್ಲ ನಾನು.

ಬಸ್ಸು ಎಷ್ಟು ಸುಮ್ಮನಾತಂದ್ರ
ಆ ಇಯರ್‌ಫೋನಿನ ಹಾಡು ಡ್ರೈವರಿಗೂ ಕೇಳಿಸ್ತು.
ಮಾಸ್ತರು ‘ಭೇಷ್’ ಅಂದ್ರು.

ಸಾತ್‌ಮೈಲ್ ಕ್ರಾಸಿನಾಗ ಇಳದು ನೋಡಿದ್ರ
ಹಗ್ಗ ಹರದು ಜೋತಾಡತಿತ್ತು.
ಬಾಗಿಲ ಸರಳು ಹುಡುಗನ ಎಡಗೈಯಾಗಿತ್ತು.
ಅವನ ಬೆನ್ನ ಹಿಂದ, ಮ್ಯಾಲಿನ ಮೆಟ್ಟಲಿಗೆ,
ಮೆಣಸಿನಕಾಯಿ ಬಿಡಸಾಕ ಹೊಂಟವರ ಕೂಸು
ಮಂಡಾಳು ತಿನಕೋತ ಕುಂತಿತ್ತು.

ಅವತ್ತು ರಾತ್ರಿ ರೊಟ್ಟಿ ಇಳೀಲಿಲ್ಲ.
ಮನ್ಯಾಗ ಹೇಳಿದೆ, ಡಿಪೋದಾಗ ಹೇಳಿದೆ,
ಚಾದಂಗಡಿಯಾಗ ಹೇಳಿದೆ.
ಹೇಳಿದಂಗೆಲ್ಲ ಹುಡುಗ ಎತ್ತರ ಆಕ್ಕೋತ ಹೋದ,
ಕೂಸು ಸಣ್ಣದಾಕ್ಕೋತ ಬಂತು.

ಮೂರು ದಿನ ಅವನು ನನ್ನ ಬಸ್ಸಿಗೆ ಬರಲಿಲ್ಲ.
ನಾಕನೇ ದಿನ ಬಂದ. ಪಾಸು ತೋರಿಸಿದ.
ನಾನಂದೆ, ‘ತಪ್ಪಾತಪ್ಪ.
ಕೂಸಿನ ಸಲುವಾಗಿ ಬಾಗಿಲು ಹಿಡದಿದ್ದಿ, ನನಗ ತಿಳೀಲಿಲ್ಲ.’

‘ಯಾವ ಕೂಸಣ್ಣ?’ ಅಂದ.
‘ಹಗ್ಗ ಹರದಿದ್ದು ನನಗೂ ಗೊತ್ತಿಲ್ಲ.
ಸೆಕಿ ಆಗಿತ್ತು.
ಗಾಳಿಗೆ ನಿಂತಿದ್ದೆ.’

ಹೂಂ ಅಂದಿದ್ರ ಸಾಕಿತ್ತು ಅವನು.
ಡಿಪೋದಾಗ ಕರದು ಹಾರ ಹಾಕಸ್ತಿದ್ದೆ.
ನನ್ನ ಹತ್ರ ಅವಗ ಎರಡೇ ಸೀಟಿದ್ದವು:
ಒಂದು ಪುಂಡಂದು, ಇನ್ನೊಂದು ದೇವರಂಥವಂದು.
ಎರಡೂ ಖಾಲಿ ಇದ್ದವು.
ಅವನು ಕುಂದ್ರಲಿಲ್ಲ.

ಹತ್ತೊಂಬತ್ತು ಮಂದಿ ನಿಂತಿದ್ರು ಅವತ್ತು,
ಲೆಕ್ಕ ಹಾಕೀನಿ.
ಒಬ್ಬಬ್ಬರ ಮಾರಿ ನೋಡಾಕ ಶುರು ಮಾಡಿದೆ,
ಪಾಸಿನ ಫೋಟೋಕ್ಕ ಹೋಲಸಾಕಲ್ಲ, ಸುಮ್ಮನ.
ಒಬ್ಬನಿಗೆ ಕಣ್ಣು ಕೆಂಪಾಗಿದ್ದವು. ಯಾಕಂತ ಕೇಳಲಿಲ್ಲ.
ಕೇಳೋ ಹಕ್ಕು ಇನ್ನೂ ಬಂದಿಲ್ಲ ನನಗ.

ಚಿಲಕ ಇನ್ನೂ ರಿಪೇರಿ ಆಗಿಲ್ಲ. ಹೊಸಾ ಹಗ್ಗ ಕಟ್ಟೀನಿ.
ಮೆಟ್ಟಲ ಮ್ಯಾಲ ನಿಂತ್ರ ಈಗೂ ಬೈತೀನಿ,
ಬೈದು, ಕಿಟಕಿ ಕಡಿ ಜಾಗಾ ಮಾಡಸ್ತೀನಿ.

ಮೊನ್ನಿ ಮಾಸ್ತರು ಮತ್ತ ಹತ್ತಿದ್ರು.
‘ಕೆಟ್ಟು ಹೋಗ್ಯಾವು ನೋಡು…’
‘ಚಿಲ್ಲರ ಕೊಡ್ರಿ ಮಾಸ್ತರ,’ ಅಂದೆ.

ಹಿಂದ ಹುಡುಗ್ರು ನಕ್ಕವು, ಯಾವುದಕ್ಕೋ.
ನನಗೇ ಇರಬೇಕು.
ಇರಲಿ.